ಎಲಿಜಬೇತಳ ಆರನೆಯ ತಿಂಗಳು



ಸಂತ ಲೂಕರು ತಮ್ಮ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ತಿಂಗಳುಗಳನ್ನು ಎಣಿಸುತ್ತಾ ಹೋಗುತ್ತಾರೆ. ಎಲಿಜಬೇತಳು ಗರ್ಭ ಧರಿಸಿ ಐದು ತಿಂಗಳು ಮನೆಯಲ್ಲಿ ಮರೆಯಾಗಿದ್ದಳು. ಆರನೆಯ ತಿಂಗಳಲ್ಲಿ ಗಬ್ರಿಯೇಲ್ ದೂತನು ನಜರೇತಿಗೆ ಬಂದನು. ಮರಿಯಳಿಗೆ ಆಕೆಯ ಬಂಧುವಿಗೆ ಎಷ್ಟನೆಯ ತಿಂಗಳೆಂಬುದನ್ನೂ ತಿಳಿಸಿದನು. ಮರಿಯಳು ಹೋಗಿ ಅಲ್ಲಿ ಸುಮಾರು ಮೂರು ತಿಂಗಳು ಉಳಿದಳು. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಲೂಕರನ್ನು ವೈದ್ಯರೆಂದು ಕರೆದಿದ್ದಾರೆ. ಬಸುರಿಯ ಮನೆಯಲ್ಲಿ ತಿಂಗಳು ಎಣಿಸಬೇಕೆಂಬುದು ವೈದ್ಯರಾದ ಅವರಿಗೆ ಗೊತ್ತಿತ್ತು.

ನಾವು 'ಐದು ತುಂಬಿ ಆರಕ್ಕೆ ಬಿತ್ತು' ಎಂದು ಎಣಿಸುತ್ತೇವೆ. ವೈದ್ಯರು ಕಡೆಯ ಮುಟ್ಟಿನ ಮೊದಲ ದಿನದಿಂದ ವಾರಗಳನ್ನು ಎಣಿಸುತ್ತಾರೆ. ಸುಮಾರು 22ನೆಯ ವಾರದಿಂದ 27ನೆಯ ವಾರದವರೆಗಿನ ಈ ದಿನಗಳ ಬಗ್ಗೆ ಒಬ್ಬ ಗುರು ಬರೆಯುವುದು ಕೆಲವರಿಗೆ ಸರಿ ಕಾಣದಿರಬಹುದು. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಮರಿಯಳ ವಂದನೆಯ ದನಿ ಕಿವಿಗೆ ಬಿದ್ದಾಗ ಎಲಿಜಬೇತಳ ಗರ್ಭದಲ್ಲಿದ್ದ ಶಿಶು ಆನಂದದಿಂದ ನಲಿದಾಡಿತೆಂದು ನಾವು ಓದುತ್ತೇವೆ. ಅದು ಪವಿತ್ರಾತ್ಮರ ಕಾರ್ಯ. ಆದರೆ ಆ ಕಾರ್ಯ ನಡೆದದ್ದು ನಿಜವಾದ ಒಂದು ಪುಟ್ಟ ದೇಹದಲ್ಲಿ. 24 ವಾರಗಳ ಹೊತ್ತಿಗೆ ಮಗು ಸುಮಾರು 30 ಸೆಂಟಿಮೀಟರ್ ಉದ್ದ, 600 ಗ್ರಾಂ ಆಸುಪಾಸಿನ ತೂಕ ಇರುತ್ತದೆ. 28 ವಾರಕ್ಕೆ ಒಂದು ಕಿಲೋ ಮುಟ್ಟುತ್ತದೆ. ಹುಬ್ಬು, ರೆಪ್ಪೆ, ಬೆರಳ ಗೆರೆಗಳು ಮೂಡಿರುತ್ತವೆ. ನಿದ್ರೆ ಎಚ್ಚರಗಳು ಬೇರೆಬೇರೆಯಾಗಿ ಕಾಣತೊಡಗುತ್ತವೆ. ಹೊರಗಿನ ಸದ್ದಿಗೆ ಮಗು ಬೆಚ್ಚುವುದೂ ಈ ವಾರಗಳಲ್ಲೇ. ತಾಯಿಯ ದನಿ ಅದಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಆದ್ದರಿಂದ ಸಂಜೆ ಜಪಸರವನ್ನು ಆಕೆ ಗಟ್ಟಿಯಾಗಿಯೇ ಹೇಳಲಿ. ಮನೆಯ ಜಗಳವನ್ನು ಮಾತ್ರ ಯಾರೂ ಗಟ್ಟಿಯಾಗಿ ಆಡಬೇಡಿ!

ತಾಯಿಗೆ ಈ ತಿಂಗಳು ಹಿತವೂ ಹೌದು, ಕಷ್ಟವೂ ಹೌದು. ವಾಂತಿ ಸಂಕಟ ಸಾಮಾನ್ಯವಾಗಿ ತಗ್ಗಿರುತ್ತದೆ, ಊಟ ಸೇರುತ್ತದೆ. ಅದರ ಬದಲಿಗೆ ಸೊಂಟ ನೋವು, ಎದೆಯುರಿ, ಮಲಬದ್ಧತೆ, ನಡುರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಹೊಕ್ಕುಳಿನಿಂದ ಕೆಳಕ್ಕೆ ಕಪ್ಪು ಗೆರೆ, ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದುವುದು ಬರುತ್ತವೆ. ಹೊಟ್ಟೆ ಒಮ್ಮೊಮ್ಮೆ ನೋವಿಲ್ಲದೆ ಗಟ್ಟಿಯಾಗಿ ಮತ್ತೆ ಸಡಿಲವಾಗುವುದೂ ಉಂಟು. ಇವೆಲ್ಲ ಇದ್ದದ್ದೇ.

'ಇದ್ದದ್ದೇ' ಎಂಬ ಈ ಮಾತಿನ ಬಗ್ಗೆಯೇ ನಾನು ಹೇಳಬೇಕಾಗಿರುವುದು. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಭಾನುವಾರದ ಪೂಜೆಯ ನಂತರ ಅತ್ತೆ ಸೊಸೆ ಇಬ್ಬರೂ ಆಶೀರ್ವಾದಕ್ಕೆ ಬಂದರು. ಸೊಸೆಗೆ ಆರು ತುಂಬಿತ್ತು. ಮೂರು ದಿನಗಳಿಂದ ತಲೆನೋವು, ಕೈ ಬೆರಳುಗಳೂ ಮುಖವೂ ಊದಿದ್ದವು. 'ಬಸುರಿಗೆ ಇದ್ದದ್ದೇ ಫಾದರ್, ಒಂದು ಪ್ರಾರ್ಥನೆ ಮಾಡಿಬಿಡಿ' ಎಂದರು ಆ ತಾಯಿ, ಒಳ್ಳೆಯ ಮನಸ್ಸಿನಿಂದಲೇ. ನಾನು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸಿದೆ. ಆ ರಾತ್ರಿಯೇ ಹುಡುಗಿಗೆ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಆಕೆ ಬದುಕಿಕೊಂಡಳು. ಮಗುವನ್ನು ಸಮಾಧಿ ಮಾಡಿದವನು ನಾನೇ. ದೈವಕೃಪೆಯು ಮನುಷ್ಯ ಪ್ರಕೃತಿಯನ್ನು ಬದಿಗಿಟ್ಟು ಕೆಲಸ ಮಾಡುವುದಿಲ್ಲವೆಂದು ಸಂತ ತೋಮಸ್ ಅಕ್ವಿನಾಸರಿಂದ ಕಲಿತು ಸೆಮಿನರಿಯಲ್ಲಿ ಪರೀಕ್ಷೆ ಬರೆದು ಬಂದವನು ನಾನು. ಆದರೂ 'ಬಿ.ಪಿ. ನೋಡಿಸಿದೆಯಾ ಮಗಳೇ' ಎಂಬ ಒಂದು ಮಾತು ಅಂದು ನನ್ನ ಬಾಯಿಂದ ಬರಲಿಲ್ಲ.

ಆದ್ದರಿಂದ ತಾಯಂದಿರೇ, ಅತ್ತೆಯಂದಿರೇ, ಇದನ್ನು ನೆನಪಿಡಿ. ಸುಮಾರು 20 ವಾರಗಳಾದ ಮೇಲೆ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಒಂದು ಕಾಯಿಲೆ ಕೆಲವರಿಗೆ ಬರುತ್ತದೆ. ಮೊದಮೊದಲು ಏನೂ ಗೊತ್ತಾಗದೆ ಇರಬಹುದು. ಅದಕ್ಕೇ ಪ್ರತಿ ಭೇಟಿಯಲ್ಲೂ ಬಿ.ಪಿ. ಮತ್ತು ಮೂತ್ರ ನೋಡುವುದು. ಬಿ.ಪಿ. 140/90 ಅಥವಾ ಅದಕ್ಕೂ ಮೇಲೆ ಹೋದರೆ ವೈದ್ಯರು ಸುಮ್ಮನಿರುವುದಿಲ್ಲ, ನೀವೂ ಇರಬೇಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಪಕ್ಕೆಲುಬಿನ ಕೆಳಗೆ ತೀವ್ರ ನೋವು ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ಮತ್ತೆ ಮತ್ತೆ ಕ್ರಮವಾಗಿ ಹಿಡಿದು ನೋಯುತ್ತಿದ್ದರೆ, ಜ್ವರ ಬಂದರೆ ಕೂಡ ಹಾಗೆಯೇ. 24 ವಾರ ಕಳೆದರೂ ಮಗುವಿನ ಒದೆತ ಒಮ್ಮೆಯೂ ತಿಳಿಯದಿದ್ದರೆ, ಅಥವಾ ಚೆನ್ನಾಗಿ ಆಡುತ್ತಿದ್ದ ಮಗು ಮಂಕಾದರೆ, ಅಂದೇ ತೋರಿಸಿ. ಪ್ರಾರ್ಥನೆಯನ್ನು ದಾರಿಯಲ್ಲಿ ಮಾಡಬಹುದು.

24ರಿಂದ 28 ವಾರಗಳ ನಡುವೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡುತ್ತಾರೆ. ಹಿಂದೆಂದೂ ಸಕ್ಕರೆ ಕಾಯಿಲೆ ಇಲ್ಲದವರಿಗೂ ಈಗ ಬರಬಹುದು, ತಪ್ಪಿಸಬೇಡಿ. ಹಣದ ತೊಂದರೆಯಿದ್ದರೆ ತಿಳಿದಿರಲಿ: 2016ರಲ್ಲಿ ಆರಂಭವಾದ ಕೇಂದ್ರ ಸರಕಾರದ ಯೋಜನೆಯಂತೆ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೆಯ ತಿಂಗಳಿನಿಂದಾಚೆಯ ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ಪರೀಕ್ಷಿಸುತ್ತಾರೆ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ.

ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಪ್ಪಾಗುವುದು ಮಲ ಮಾತ್ರ, ಅದರಿಂದ ಅಪಾಯವಿಲ್ಲ. ದಿನಕ್ಕೊಂದರಂತೆ 180 ದಿನ ತೆಗೆದುಕೊಳ್ಳಬೇಕು. ರಕ್ತ ಕಡಿಮೆಯಿದ್ದರೆ ಎಷ್ಟೆಂದು ವೈದ್ಯರು ಹೇಳುತ್ತಾರೆ. ಮಾತ್ರೆಯ ಹಿಂದೆಯೇ ಕಾಫಿ ಟೀ ಕುಡಿದರೆ ಅದು ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣಿನ ಪಾನಕ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಸೊಸೆಯ ತಟ್ಟೆಗೆ ಕೈ ಹಿಡಿದು ಬಡಿಸುವುದನ್ನು ನಾನು ಕಂಡಿದ್ದೇನೆ. ರಾಗಿ, ಸೊಪ್ಪು, ಬೇಳೆ, ಮೊಟ್ಟೆ, ಮೀನು, ಹಾಲು ಆಕೆಗೆ ಮೊದಲು ಬಡಿಸಿ.

ತಪಸ್ಸುಕಾಲದಲ್ಲಿ ಉಪವಾಸವಿರಬೇಕೇ ಎಂದು ಗರ್ಭಿಣಿಯರು ಪಾಪನಿವೇದನೆಯಲ್ಲಿ ಕೇಳುತ್ತಾರೆ. ಬೇಡ. ವಿಭೂತಿ ಬುಧವಾರ, ಶುಭ ಶುಕ್ರವಾರಗಳ ಉಪವಾಸಕ್ಕೂ ಧರ್ಮಸಭೆ ನಿಮ್ಮನ್ನು ಕಟ್ಟಿಹಾಕಿಲ್ಲ. ಹರಕೆ ಹೊತ್ತಿದ್ದರೆ ನಿಮ್ಮ ಗುರುಗಳಿಗೆ ಹೇಳಿ, ಅದನ್ನು ಬೇರೆ ಸತ್ಕಾರ್ಯವಾಗಿ ಬದಲಾಯಿಸಿ ಕೊಡುತ್ತಾರೆ. ಪರಮಪ್ರಸಾದದ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರಾಗಲಿ ಔಷಧವಾಗಲಿ ಮುರಿಯುವುದಿಲ್ಲ. ಪೂಜೆಯಲ್ಲಿ ಮೊಣಕಾಲೂರಲು ಆಗದಿದ್ದರೆ ಕುಳಿತುಕೊಳ್ಳಿ. ಹಿಂದಿನ ಬೆಂಚಿನವರು ಏನೆಂದುಕೊಂಡಾರೋ ಎಂಬ ಯೋಚನೆ ಬಿಡಿ.

ಗಂಡಂದಿರಿಗೂ ಒಂದು ಮಾತು. ಎಲಿಜಬೇತಳ ಗಂಡ ಜೆಕರೀಯನು ಮಗು ಹುಟ್ಟಿ ಹೆಸರಿಡುವ ದಿನದವರೆಗೂ ಮಾತಿಲ್ಲದೆ ಇದ್ದನು. ಎಲ್ಲರೂ ಸಲಹೆ ಕೊಡುವ ಮನೆಯಲ್ಲಿ ಒಬ್ಬರಾದರೂ ಸುಮ್ಮನಿದ್ದುದು ಆಕೆಗೆ ಎಷ್ಟು ನೆಮ್ಮದಿಯಾಗಿತ್ತೋ! ನೀವು ಮಾತು ಬಿಡಬೇಕಾಗಿಲ್ಲ, ನೀರಿನ ಕೊಡ, ಅಕ್ಕಿ ಮೂಟೆ ಎತ್ತಿದರೆ ಸಾಕು. ಪರೀಕ್ಷೆಯ ದಿನ ರಜೆ ಹಾಕಿ ಜೊತೆಯಲ್ಲಿ ಹೋಗಿ. ಸ್ಕ್ಯಾನಿಂಗ್ ಕೋಣೆಯಲ್ಲಿ ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ. 1994ರ ಕಾನೂನಿನಂತೆ ಕೇಳುವುದೂ ಹೇಳುವುದೂ ಅಪರಾಧ. ಕಾನೂನು ಇಲ್ಲದಿದ್ದರೂ, ಆ ಪ್ರಶ್ನೆ ಕೇಳಿ ಮಲಗಿರುವಾಕೆಯ ಎದೆಯಲ್ಲಿ ಏಳುವ ಭಯವನ್ನು ನೆನೆಯಿರಿ.

ಚೊಚ್ಚಲು ಹೆರಿಗೆಗೆ ಏಳನೆಯ ತಿಂಗಳಲ್ಲಿ ತವರಿಗೆ ಕರೆದೊಯ್ಯುವ ಮನೆಯವರು ಸೀರೆ ಬಳೆಗಳ ಜೊತೆಗೆ ತಾಯಿ ಕಾರ್ಡನ್ನೂ ರಿಪೋರ್ಟುಗಳನ್ನೂ ಮರೆಯದೆ ಒಯ್ಯಿರಿ. ಹೊಸ ಊರಿನ ವೈದ್ಯರಿಗೆ ಹಿಂದಿನ ಬಿ.ಪಿ. ಎಷ್ಟಿತ್ತೆಂದು ಅದರಿಂದಲೇ ತಿಳಿಯುವುದು. ತವರಿಲ್ಲದ ಹೆಣ್ಣುಮಕ್ಕಳೂ ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ, ಕೆಲಸಕ್ಕೆಂದು ದೂರದಿಂದ ಬಂದ ದಂಪತಿಗಳಿದ್ದಾರೆ. ಮರಿಯಳು ಬೆಟ್ಟದ ಸೀಮೆಗೆ ಹಲವು ದಿನಗಳ ದಾರಿ ನಡೆದು ಹೋದಳು. ನಮಗೆ ಪಕ್ಕದ ಬೀದಿ. ಒಂದು ಹೊತ್ತು ಅಡುಗೆ, ಆಸ್ಪತ್ರೆಗೆ ಜೊತೆ, ದೊಡ್ಡ ಮಗುವನ್ನು ಶಾಲೆಯಿಂದ ಕರೆತರುವುದು, ಇಷ್ಟನ್ನು ಮಹಿಳಾ ಸಂಘದವರು ಸರದಿಯ ಮೇಲೆ ಹಂಚಿಕೊಳ್ಳಬಹುದು.

ಹೆರಿಗೆಗೆ ಮುಂಚೆ ತಾಯಿಗೆ ಕೊಡುವ ಆಶೀರ್ವಾದದ ವಿಧಿ 1984ರಲ್ಲಿ ಪ್ರಕಟವಾದ ಆಶೀರ್ವಾದಗಳ ಪುಸ್ತಕದಲ್ಲಿದೆ. ಮೇ 31, ಮರಿಯಳು ಎಲಿಜಬೇತಳನ್ನು ಸಂಧಿಸಿದ ಹಬ್ಬ; ಅಂದೇ ಬರಬೇಕೆಂದಿಲ್ಲ, ಯಾವ ದಿನವಾದರೂ ಬನ್ನಿ. ಬರುವಾಗ ತಾಯಿ ಕಾರ್ಡು ತನ್ನಿ. ಕಡೆಯ ಬಾರಿ ಬಿ.ಪಿ. ನೋಡಿಸಿದ್ದು ಯಾವಾಗ ಎಂದು ಮೊದಲು ಕೇಳಿಯೇ ನಾನು ಪುಸ್ತಕ ತೆರೆಯುತ್ತೇನೆ.