ಮನೆಗೆ ಮಲ್ಟಿಜಿಮ್ ತರುವ ಮೊದಲು

*ಆರೋಗ್ಯ ಮಾಲಿಕೆ – ಭಾಗ 23*



ಪುಣೆಯ ಗುಂಪಿನಿಂದ ಬಂದ ಒಂದು ಪ್ರಶ್ನೆಯನ್ನು ಈ ವಾರ ತೆಗೆದುಕೊಂಡಿದ್ದೇವೆ. ಮನೆಯಲ್ಲಿ ನಾಲ್ಕು ಜನ. ಯಜಮಾನರಿಗೆ 47 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿದೆ. ಹೆಂಡತಿಗೆ ಆಗಾಗ ಸೊಂಟ ಹಿಡಿದುಕೊಳ್ಳುತ್ತದೆ. ಊರಿನಿಂದ ಬಂದು ಜೊತೆಗಿರುವ ತಾಯಿಗೆ 71, ನೆಲದ ಮೇಲೆ ಕುಳಿತರೆ ಏಳಲು ಯಾರಾದರೂ ಕೈ ಕೊಡಬೇಕು. ಮಗ ಕಾಲೇಜಿನಲ್ಲಿದ್ದಾನೆ. ನಾಲ್ಕು ಜನರ ಜಿಮ್ ಫೀಸು ಕಟ್ಟುವ ಬದಲು ಎಲ್ಲ ವ್ಯಾಯಾಮವೂ ಒಂದರಲ್ಲೇ ಆಗುವ ಮಷಿನ್ ತಂದುಬಿಡೋಣವೇ, ತಂದರೆ ಯಾವುದು ತರೋಣ ಎಂದು ಕೇಳಿದ್ದಾರೆ.

ಇಂಥ ಪ್ರಶ್ನೆಗೆ ಒಂದು ಕಂಪನಿಯ ಹೆಸರು ಬರೆದು ಮುಗಿಸಬಹುದಿತ್ತು. ಆದರೆ ಥಾಣೆಯ ಒಂದು ಬೆಡ್‌ರೂಮಿನ ಬಾಡಿಗೆ ಮನೆಗೆ ಸರಿಹೋಗುವುದು ಹೈದರಾಬಾದಿನ ಸ್ವಂತ ಮನೆಗೆ ಸರಿಹೋಗಬೇಕೆಂದಿಲ್ಲ. ಆದ್ದರಿಂದ ಹೆಸರು ಬಿಟ್ಟು, ಅಂಗಡಿಯಲ್ಲಿ ಏನು ನೋಡಬೇಕು, ಏನು ಕೇಳಬೇಕು ಎಂಬುದನ್ನು ಬರೆಯುತ್ತೇವೆ.

*ಸ್ನಾಯುಬಲ ಯಾಕೆ ಬೇಕು*

ನಡಿಗೆ ಸಾಕಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ನಡಿಗೆ ಒಳ್ಳೆಯದೇ, ಬಿಡಬೇಡಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ನಡಿಗೆಯಂಥ ಚಟುವಟಿಕೆಯ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ದೊಡ್ಡ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮ ಬೇಕು ಎಂದಿದೆ. 65 ದಾಟಿದವರು ಬೀಳದಂತೆ ಕಾಪಾಡಿಕೊಳ್ಳಲು ಸಮತೋಲನ ಮತ್ತು ಬಲದ ವ್ಯಾಯಾಮವನ್ನು ವಾರಕ್ಕೆ 3 ದಿನ ಮಾಡಬೇಕು.

ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಸ್ನಾಯು. ಸ್ನಾಯು ಸೊರಗಿದರೆ ಆ ಸಕ್ಕರೆಗೆ ಹೋಗಲು ಜಾಗ ಕಡಿಮೆಯಾಗುತ್ತದೆ. ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಐಸಿಎಂಆರ್ ಬೆಂಬಲದ ಅಧ್ಯಯನವೊಂದು 2023ರಲ್ಲಿ ಲೆಕ್ಕ ಕೊಟ್ಟಿತು. ಹಗಲೆಲ್ಲ ಕುರ್ಚಿಯಲ್ಲಿ, ಸಂಜೆ ಲೋಕಲ್ ಟ್ರೇನಿನಲ್ಲಿ ನೇತಾಡಿ ಮನೆ ಸೇರುವ ನಮ್ಮವರಲ್ಲಿ ಈ ಕಾಯಿಲೆ ಇಲ್ಲದ ಮನೆ ಹುಡುಕಬೇಕು.

*ಮೊದಲು ಒಂದು ಕುರ್ಚಿ ಹಾಕಿ*

ಮಷಿನ್ ನೋಡಲು ಹೋಗುವ ಮೊದಲು ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಕೈ ಇಲ್ಲದ, ಸುಮಾರು 17 ಇಂಚು ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಹಿರಿಯರು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರುತ್ತಾರೆ ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಅಳತೆಯ ಪ್ರಕಾರ 65ರಿಂದ 69 ವಯಸ್ಸಿನ ಹೆಂಗಸರು 11ಕ್ಕಿಂತ ಕಡಿಮೆ, ಗಂಡಸರು 12ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. 70ರಿಂದ 74ರವರಿಗೆ ಹೆಂಗಸರಲ್ಲಿ 10, ಗಂಡಸರಲ್ಲಿ 12. ಕೈ ಊರದೆ ಏಳಲು ಆಗಲೇ ಇಲ್ಲ ಎಂದರೆ ಲೆಕ್ಕ ಸೊನ್ನೆ.

ಈ ಪರೀಕ್ಷೆ ಯಾಕೆಂದರೆ, ಅಂಗಡಿಯಲ್ಲಿ ಸಿಗುವ ಹೆಚ್ಚಿನ ಮಲ್ಟಿಜಿಮ್‌ಗಳು ಎದೆ ಮತ್ತು ತೋಳಿನ ಮೇಲೆ ಕಣ್ಣಿಟ್ಟು ಮಾಡಿದವು. ಎದೆಗೆ ತಳ್ಳುವುದು, ಚಿಟ್ಟೆಯಂತೆ ಕೈ ಕೂಡಿಸುವುದು, ಮೇಲಿನಿಂದ ಎಳೆಯುವುದು ಎಲ್ಲ ಇರುತ್ತದೆ. ಕಾಲಿಗೆ ಮಾತ್ರ ಕುಳಿತಲ್ಲೇ ಮೊಣಕಾಲು ನೀಡುವ ಒಂದು ಸ್ಪಂಜಿನ ಉರುಳೆ. ಅದರಿಂದ ತೊಡೆಯ ಮುಂಭಾಗಕ್ಕೆ ಕೆಲಸ ಸಿಗುತ್ತದೆ ನಿಜ. ಆದರೆ ನೆಲದಿಂದ ಏಳುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಬಾತ್‌ರೂಮಿನಲ್ಲಿ ಜಾರಿದರೆ ಸಾವರಿಸಿಕೊಳ್ಳುವುದು, ಇವಕ್ಕೆಲ್ಲ ಸೊಂಟ, ಪೃಷ್ಠ, ತೊಡೆ ಮೂರೂ ಒಟ್ಟಿಗೆ ದುಡಿಯಬೇಕು. ನಮ್ಮ ಗರಡಿ ಮನೆಗಳಲ್ಲಿ ದಂಡ ಎಷ್ಟು ಮುಖ್ಯವೋ ಬಸ್ಕಿಯೂ ಅಷ್ಟೇ ಮುಖ್ಯವಾಗಿದ್ದುದು ಸುಮ್ಮನೆ ಅಲ್ಲ. ಮಷಿನ್ ತಂದ ಮೇಲೂ ಬಸ್ಕಿಯನ್ನು, ಆಗದವರು ಕುರ್ಚಿಯಿಂದ ಏಳುವುದನ್ನು, ಬಿಡುವಂತಿಲ್ಲ.

ಪ್ರಶ್ನೆ ಕಳಿಸಿದವರ ತಾಯಿಗೆ ಈಗಲೇ ಬೇಕಾಗಿರುವುದು ಈ ಕುರ್ಚಿ. ಡಾಕ್ಟರರನ್ನು ಒಂದು ಮಾತು ಕೇಳಿ, ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿ, ದಿನ ಬಿಟ್ಟು ದಿನ ಐದೈದು ಸಲ ಎರಡು ಸುತ್ತು ಶುರುಮಾಡಲಿ. ಕೆಲವು ವಾರ ಕಳೆದು ಸಲೀಸಾದಾಗ ದಿಂಬು ತೆಗೆಯಿರಿ. ಇದಕ್ಕೆ ಖರ್ಚಿಲ್ಲ.

*ಎಷ್ಟು ಭಾರದಿಂದ ಶುರು?*

ಅಂಗಡಿಯವರು ಹೇಳುವುದು ಯಾವಾಗಲೂ ಮೇಲಿನ ಲೆಕ್ಕ: 72 ಕಿಲೋ ಇದೆ ಸಾರ್, 100 ಕಿಲೋ ಇದೆ ಸಾರ್. ನೀವು ಕೇಳಬೇಕಾದುದು ಕೆಳಗಿನ ಲೆಕ್ಕ. ಅತಿ ಕಡಿಮೆ ಎಂದರೆ ಎಷ್ಟು ಭಾರ? ಅಲ್ಲಿಂದ ಎಷ್ಟೆಷ್ಟು ಏರುತ್ತದೆ? ಹಲವು ಮಷಿನ್‌ಗಳಲ್ಲಿ ಒಂದೊಂದು ಪ್ಲೇಟು 4.5ರಿಂದ 5 ಕಿಲೋ ಇರುತ್ತದೆ. ಕಾಲೇಜು ಹುಡುಗನಿಗೆ ಅದು ಲೆಕ್ಕಕ್ಕಿಲ್ಲ. ಭುಜ ಹಿಡಿದುಕೊಂಡಿರುವ 71ರ ಅಜ್ಜಿಗೆ ಮೊದಲ ಪ್ಲೇಟೇ ಹೆಚ್ಚಾಗಬಹುದು. 5ರಿಂದ 10ಕ್ಕೆ ಹಾರುವುದೆಂದರೆ ಒಂದೇ ಸಲಕ್ಕೆ ದುಪ್ಪಟ್ಟು.

ಇಲ್ಲೇ ರಾಟೆಯ ವಿಷಯವೂ ಬರುತ್ತದೆ. ಬಾವಿಯ ಮೇಲಿನ ರಾಟೆ ನೆನಪಿರಬಹುದು. ಅದು ಹಗ್ಗದ ದಿಕ್ಕನ್ನಷ್ಟೇ ಬದಲಿಸುತ್ತದೆ, ಕೊಡದ ಭಾರ ಅಷ್ಟೇ ಇರುತ್ತದೆ. ಆದರೆ ರಾಟೆ ಭಾರದ ಜೊತೆಗೇ ಮೇಲೆ ಕೆಳಗೆ ಚಲಿಸುವಂತಿದ್ದರೆ ಕೈಗೆ ಅರ್ಧ ಭಾರ ಮಾತ್ರ ಬರುತ್ತದೆ, ಹಗ್ಗ ಮಾತ್ರ ಎರಡರಷ್ಟು ಎಳೆಯಬೇಕು. ಅಂಥ ಮಷಿನ್‌ನಲ್ಲಿ 60 ಕಿಲೋ ಎಂದು ಬರೆದಿದ್ದರೂ ಕೈಗೆ ಸಿಗುವುದು 30. ಇದು ಮೋಸವಲ್ಲ, ಎರಡು ಕೇಬಲ್‌ಗಳ ಮಷಿನ್‌ಗಳಲ್ಲಿ ಇದು ಮಾಮೂಲು. ಹೆಂಗಸರಿಗೆ, ಹಿರಿಯರಿಗೆ ಅನುಕೂಲವೇ, ಯಾಕೆಂದರೆ 5 ಕಿಲೋ ಪ್ಲೇಟು ಎರಡೂವರೆಯಂತೆ ಏರುತ್ತದೆ. ಗಟ್ಟಿ ಹುಡುಗನಿಗೆ ಮಾತ್ರ ಬೇಗ ಸಾಲದೆ ಹೋದೀತು. ಆದ್ದರಿಂದ ರಾಟೆ 1:1 ಇದೆಯೋ 2:1 ಇದೆಯೋ ಕೇಳಿ. ಉತ್ತರ ಗೊತ್ತಿಲ್ಲದ ಅಂಗಡಿಯಲ್ಲಿ ಇನ್ನೂ ನಾಲ್ಕು ಪ್ರಶ್ನೆ ಹೆಚ್ಚು ಕೇಳಿ.

*ಬಗೆಗಳು*

ಪ್ಲೇಟುಗಳ ಅಟ್ಟಿ ಇರುವ ಮಷಿನ್ ಮನೆಮಂದಿಯೆಲ್ಲ ಬಳಸಲು ಅತಿ ಸುಲಭ. ಪಿನ್ ಬದಲಿಸಿದರೆ ಭಾರ ಬದಲಾಯಿತು. ಪ್ಲೇಟುಗಳನ್ನು ಕೈಯಾರೆ ಏರಿಸಿ ಇಳಿಸುವ ಮಷಿನ್ ಬೆಲೆಯಲ್ಲಿ ಅಗ್ಗ, ಆದರೆ ಅಪ್ಪ ಮುಗಿಸಿದ ಮೇಲೆ ಅಮ್ಮ 20 ಕಿಲೋ ಪ್ಲೇಟು ಇಳಿಸುತ್ತಾ ನಿಲ್ಲಬೇಕು. ಹೀಗಾಗಿ ಆ ಮನೆಯಲ್ಲಿ ಕೊನೆಗೆ ಒಬ್ಬರೇ ಬಳಸುತ್ತಾರೆ. ಬಾಗುವ ಕಡ್ಡಿಗಳ ಮಷಿನ್ ಹಗುರ, ಸದ್ದಿಲ್ಲ. ಎಳೆದಷ್ಟೂ ಬಿಗಿಯಾಗುತ್ತದೆ, ಹಾಗಾಗಿ ಶುರುವಿನಲ್ಲಿ ಹಗುರ, ತುದಿಯಲ್ಲಿ ಭಾರ. ಇಳಿಜಾರಿನ ಹಲಗೆಯ ಮೇಲೆ ನಮ್ಮ ಮೈಭಾರವನ್ನೇ ಎಳೆಯುವ ಜಾರುಮಣೆಯಂಥದ್ದು ಮಡಚಿ ಇಡಬಹುದು, ಚಿಕ್ಕ ಮನೆಗೆ ಒಳ್ಳೆಯದು. ಆದರೆ ಅಷ್ಟು ತಗ್ಗಿನಲ್ಲಿ ಮಲಗಿ ಏಳುವುದು ಮೊಣಕಾಲು ನೋವಿರುವವರಿಗೆ ಕಷ್ಟ. ಮೋಟಾರಿನಿಂದ ಬಿಗಿ ಕೊಡುವ ಡಿಜಿಟಲ್ ಮಷಿನ್‌ಗಳೂ ಬಂದಿವೆ. ಜಾಗ ಕಡಿಮೆ ಹಿಡಿಯುತ್ತವೆ, ಕೆಲವಕ್ಕೆ ತಿಂಗಳ ಚಂದಾ ಇರುತ್ತದೆ, ಗೋಡೆಗೆ ಹೊಡೆಯುವಂಥದ್ದಾದರೆ ಬಾಡಿಗೆ ಮನೆಯ ಮಾಲೀಕರ ಒಪ್ಪಿಗೆ ಬೇಕು.

ನಮ್ಮ ಅಭಿಪ್ರಾಯ ಕೇಳಿದರೆ, ಬೇರೆ ಬೇರೆ ವಯಸ್ಸಿನವರು ಬಳಸುವ ಮನೆಗೆ ಎತ್ತರ ಬದಲಿಸಬಹುದಾದ ಎರಡು ಕೇಬಲ್‌ಗಳ ಮಷಿನ್ ಎಲ್ಲಕ್ಕಿಂತ ಮೇಲು. ನಿಂತು, ಕುಳಿತು, ಒಂದೇ ಕೈಯಲ್ಲಿ, ಯಾವ ಎತ್ತರದಿಂದ ಬೇಕಾದರೂ ಎಳೆಯಬಹುದು. ಬೆಲೆ ಮಾತ್ರ ಸಾದಾ ಮಲ್ಟಿಜಿಮ್‌ಗಿಂತ ಹೆಚ್ಚು.

*ಟೇಪು ಹಿಡಿಯಿರಿ*

ಸಾದಾ ಮಲ್ಟಿಜಿಮ್ ಹೆಚ್ಚುಕಡಿಮೆ 6 ಅಡಿ ಉದ್ದ, 4 ಅಡಿ ಅಗಲ, 7 ಅಡಿ ಎತ್ತರ ಇರುತ್ತದೆ. ಕೈ ಚಾಚಲು, ಹತ್ತಿ ಇಳಿಯಲು ಸುತ್ತಲೂ ಎರಡಡಿ ಸೇರಿಸಿ. ಆ ಅಳತೆಗೆ ನೆಲದ ಮೇಲೆ ಹಳೇ ಪೇಪರ್ ಹಾಸಿ ಒಂದು ವಾರ ಹಾಗೇ ಬಿಡಿ. ಬಾಗಿಲು ತೆರೆಯುತ್ತದೆಯೇ, ಕಪಾಟು ತೆರೆಯುತ್ತದೆಯೇ, ರಾತ್ರಿ ಹಾಸಿಗೆ ಎಲ್ಲಿ ಬಿಚ್ಚುವುದು, ಎಲ್ಲ ತಾನಾಗಿ ಗೊತ್ತಾಗುತ್ತದೆ. ತಲೆ ಎತ್ತಿಯೂ ನೋಡಿ, ಸೀಲಿಂಗ್ ಫ್ಯಾನಿನ ಕೆಳಗೆ ಮಷಿನ್ ನಿಲ್ಲಿಸುವಂತಿಲ್ಲ.

ಮನೆಯ ಕೋಣೆಗಳ ನೆಲಕ್ಕೆ ನಮ್ಮ ದೇಶದ ನಿರ್ಮಾಣ ಮಾನದಂಡದಲ್ಲಿ ಒಂದು ಚದರ ಮೀಟರಿಗೆ ಸುಮಾರು 200 ಕಿಲೋ ಭಾರದ ಲೆಕ್ಕವಿದೆ. ಭಾರ ಹರಡಿಕೊಂಡಿದ್ದರೆ ಒಳ್ಳೆಯ ಕಟ್ಟಡದಲ್ಲಿ ಒಂದು ಮಲ್ಟಿಜಿಮ್ ಚಿಂತೆಯ ವಿಷಯವಲ್ಲ. ಹಳೆಯ ಚಾಳು, ಸೋರುವ ಸ್ಲ್ಯಾಬು, ಬಿರುಕು ಬಿಟ್ಟ ಬಾಲ್ಕನಿ ಇದ್ದರೆ ಸೊಸೈಟಿಯ ಎಂಜಿನಿಯರರನ್ನು ಕೇಳದೆ ತರಬೇಡಿ. ಬಾಲ್ಕನಿ ಇನ್ನೊಂದು ಕಾರಣಕ್ಕೂ ಬೇಡ. ಮುಂಬೈ, ಚೆನ್ನೈಗಳ ಉಪ್ಪು ಗಾಳಿಗೆ, ಮಳೆಗೆ ಕಬ್ಬಿಣದ ಸರಳು ಬೇಗ ತುಕ್ಕು ಹಿಡಿಯುತ್ತದೆ. ಸರಳು ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಸವರಬೇಡಿ, ಧೂಳು ಅಂಟಿ ಇನ್ನೂ ಕೆಡುತ್ತದೆ. ಕೈಪಿಡಿಯಲ್ಲಿ ಹೇಳಿದ ಸಿಲಿಕೋನ್ ಸ್ಪ್ರೇ ಸಾಕು. ಕೆಳಗಿನ ಮನೆಯವರ ನಿದ್ದೆಗಾಗಿ ದಪ್ಪ ರಬ್ಬರ್ ಮ್ಯಾಟು ಹಾಕಿ, ಪ್ಲೇಟುಗಳನ್ನು ಧಡಾರೆಂದು ಬಿಡಬೇಡಿ. ನಿಧಾನವಾಗಿ ಇಳಿಸುವಾಗಲೂ ಸ್ನಾಯು ದುಡಿಯುತ್ತದೆ, ಆ ಲಾಭ ಬೇರೆ.

ಅಂಗಡಿಗೆ ಹೋಗುವಾಗ ಮನೆಯ ಅತಿ ಕುಳ್ಳಗಿನವರನ್ನೂ ಅತಿ ಎತ್ತರದವರನ್ನೂ ಕರೆದುಕೊಂಡು ಹೋಗಿ. ಐದಡಿಯ ಹೆಂಗಸು ಕುಳಿತಾಗ ಕಾಲು ನೆಲಕ್ಕೆ ತಾಗಬೇಕು, ಬೆನ್ನು ಒರಗಿರುವಂತೆಯೇ ಹಿಡಿಕೆ ಕೈಗೆ ಸಿಗಬೇಕು. ಹಿಡಿಕೆಗಾಗಿ ಮುಂದೆ ಬಾಗಬೇಕಾದರೆ ಆ ಮಷಿನ್ ಸೊಂಟನೋವಿನವರಿಗೆ ಅಲ್ಲ. ಆನ್‌ಲೈನಿನಲ್ಲಿ ತರಿಸುವವರಿಗೆ ಈ ಅನುಕೂಲವಿಲ್ಲ, ಅದಕ್ಕೇ ನಾವು ಅಂಗಡಿಯ ಪರ.

ಗ್ಯಾರಂಟಿ ಐದು ವರ್ಷ, ಹತ್ತು ವರ್ಷ ಎಂದರೆ ಬಹಳ ಸಲ ಅದು ಕಬ್ಬಿಣದ ಚೌಕಟ್ಟಿಗೆ ಮಾತ್ರ. ಸವೆಯುವುದು ಕೇಬಲ್, ರಾಟೆ, ಸೀಟು. ಅವಕ್ಕೆ ಎಷ್ಟು ತಿಂಗಳು, ನಿಮ್ಮ ಊರಿಗೆ ಮೆಕ್ಯಾನಿಕ್ ಬರುತ್ತಾನೆಯೇ, ಬಿಡಿ ಕೇಬಲ್ ಸಿಗುತ್ತದೆಯೇ ಎಂದು ಬರೆಸಿಕೊಳ್ಳಿ. ಜೋಡಿಸಲು ಬಂದಾಗ ಮೊಬೈಲಿನಲ್ಲಿ ಪೂರ್ತಿ ವಿಡಿಯೋ ಮಾಡಿಟ್ಟುಕೊಳ್ಳಿ. ವರ್ಗವಾಗಿ ಮನೆ ಬದಲಿಸುವಾಗ ಪ್ಯಾಕರ್ಸ್‌ನವರು ಬಿಚ್ಚುತ್ತಾರೆ, ಕೇಬಲ್ ಯಾವ ರಾಟೆಯ ಮೇಲೆ ಹೋಗಿತ್ತು ಎಂದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಊರು ಬದಲಿಸುವ ನೌಕರಿಯಾದರೆ ಮಲ್ಟಿಜಿಮ್ ಬೇಡವೇ ಬೇಡ ಎನ್ನುತ್ತೇವೆ. ಭಾರ ಬದಲಿಸಬಹುದಾದ ಒಂದು ಜೊತೆ ಡಂಬೆಲ್, ಒಂದು ಗಟ್ಟಿ ಬೆಂಚು, ಮೂರ್ನಾಲ್ಕು ರಬ್ಬರ್ ಬ್ಯಾಂಡು ಇದ್ದರೆ ಬೇಕಾದ ವ್ಯಾಯಾಮವೆಲ್ಲ ಆಗುತ್ತದೆ. ಸೊಸೈಟಿಯಲ್ಲಿ ಜಿಮ್ ಇದ್ದರೆ ಒಂದು ತಿಂಗಳು ಅಲ್ಲಿ ಹೋಗಿ ನೋಡಿ. ಆ ತಿಂಗಳಲ್ಲಿ ಎಂಟು ದಿನವೂ ಹೋಗಲಾಗದಿದ್ದರೆ ಮನೆಗೆ ತಂದದ್ದರ ಮೇಲೆ ಟವೆಲ್ ಒಣಗುತ್ತದೆ. ಹಾಗೆ ಟವೆಲ್ ಒಣಗಿದ ಮಷಿನ್‌ಗಳು ಸೊಸೈಟಿಯ ಗುಂಪುಗಳಲ್ಲಿ ಅಗ್ಗಕ್ಕೆ ಮಾರಾಟಕ್ಕೂ ಬರುತ್ತವೆ. ಕೊಳ್ಳುವುದಾದರೆ ಕೇಬಲ್ಲಿನ ಹೊದಿಕೆಯ ಮೇಲೆ ಬೆರಳಾಡಿಸಿ, ಬಿರುಕಿದ್ದರೆ ಕೇಬಲ್ ಬದಲಿಸದೆ ಬಳಸಬೇಡಿ. ಮೂಲ ಪಿನ್ ಇದೆಯೇ ನೋಡಿ, ಅದರ ಜಾಗಕ್ಕೆ ಮೊಳೆ ಸಿಕ್ಕಿಸಿ ಕೊಡುವವರೂ ಇದ್ದಾರೆ.

*ಇವರು ಡಾಕ್ಟರರನ್ನು ಕೇಳದೆ ಶುರುಮಾಡಬಾರದು*

ರಕ್ತದೊತ್ತಡ ಹಿಡಿತಕ್ಕೆ ಬಾರದವರು (180/110 ದಾಟಿದ ದಿನ ಭಾರ ಮುಟ್ಟಲೇಬಾರದು), ಹೃದಯದ ಆಪರೇಷನ್ ಆದವರು, ಹರ್ನಿಯಾ ಇರುವವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು. ಸಕ್ಕರೆ ಕಾಯಿಲೆಯವರು ಮೊದಲು ಕಣ್ಣಿನ ಹಿಂಪರದೆ ತೋರಿಸಿಕೊಳ್ಳಿ. ಅಲ್ಲಿ ಹೊಸ ರಕ್ತನಾಳ ಬೆಳೆದಿದ್ದರೆ ಭಾರ ಎತ್ತುವ ಒತ್ತಡಕ್ಕೆ ಕಣ್ಣೊಳಗೆ ರಕ್ತಸ್ರಾವ ಆಗಬಹುದು. ಇನ್ಸುಲಿನ್ ಅಥವಾ ಸಕ್ಕರೆ ತಟ್ಟನೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮಕ್ಕೆ ಮೊದಲು ಪರೀಕ್ಷಿಸಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಶುರುಮಾಡಬೇಕು.

ಉಸಿರು ಕಟ್ಟಿ ಎತ್ತಬೇಡಿ. ತಳ್ಳುವಾಗ ಬಿಡಿ, ಇಳಿಸುವಾಗ ಎಳೆದುಕೊಳ್ಳಿ. 12 ಸಲ ಸಲೀಸಾಗಿ ಮಾಡುವಷ್ಟು ಭಾರದಿಂದ ಶುರುಮಾಡಿ, ಕೊನೆಯ ಎರಡು ಸಲಕ್ಕೂ ಶ್ರಮ ಅನಿಸದಿದ್ದರೆ ಮಾತ್ರ ಒಂದು ಹಂತ ಏರಿಸಿ. ಮರುದಿನ ಮೈ ನೊಂದರೆ ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಎದೆ ಹಿಡಿತ, ತಲೆಸುತ್ತು ಬಂದರೆ ಆ ಕ್ಷಣವೇ ನಿಲ್ಲಿಸಿ. ಎದೆ ಹಿಡಿತವಾದರೆ ನೇರ ಆಸ್ಪತ್ರೆಗೆ ಹೋಗಿ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಳಸಿದ ಮೇಲೆ ಪಿನ್ ತೆಗೆದು ಕಪಾಟಿನಲ್ಲಿಡಿ. ಒಬ್ಬರು ಎಳೆಯುತ್ತಿರುವಾಗ ಪ್ಲೇಟುಗಳ ನಡುವೆ ಇನ್ನೊಂದು ಮಗು ಬೆರಳಿಟ್ಟರೆ ಬೆರಳು ಉಳಿಯುವುದಿಲ್ಲ. ಪ್ಲೇಟುಗಳಿಗೆ ಮುಚ್ಚು ಇರುವ ಮಷಿನ್ ಸ್ವಲ್ಪ ದುಬಾರಿಯಾದರೂ ಅದನ್ನೇ ತೆಗೆದುಕೊಳ್ಳಿ.

ಹಿರಿಯರ ಕುರ್ಚಿ ಪರೀಕ್ಷೆಯ ಎಣಿಕೆಯನ್ನು ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿನ ಮೇಲೆ ಬರೆದಿಡಿ, ತಿಂಗಳ ನಂತರ ಮತ್ತೆ ಎಣಿಸಿ. ಸಂದೇಹಗಳಿದ್ದರೆ ಗುಂಪಿನಲ್ಲಿ ಬರೆಯಿರಿ. ಮುಂದಿನ ಭಾಗ: ರಬ್ಬರ್ ಬ್ಯಾಂಡಿನ ಆರು ವ್ಯಾಯಾಮಗಳು.