ಹಬ್ಬದ ಬಟ್ಟೆ ಹಬ್ಬದಾಚೆಗೂ ಬಾಳಲಿ

ಡಿಸೆಂಬರ್ ಬಂತೆಂದರೆ ಕ್ರಿಸ್‌ಮಸ್ ತಾತನ ಚಿತ್ರವಿರುವ ಕೆಂಪು ಟೀ ಶರ್ಟು. ದೀಪಾವಳಿಗೆ ಮನೆಮಂದಿಗೆಲ್ಲ ಶುಭಾಶಯ ಅಚ್ಚೊತ್ತಿದ ಒಂದೇ ಬಣ್ಣದ ಉಡುಪು. ಫೋಟೊ ತೆಗೆದ ಮೇಲೆ ಅವು ಬೀರುವಿನ ತಳ ಸೇರುತ್ತವೆ. ಈ ಗೀಳು ನನಗೆ ಹಿಡಿಸುವುದಿಲ್ಲ. ನೀವೂ ಇದಕ್ಕೆ ಮರುಳಾಗಬೇಡಿ.

ಇಂಥ ಬಟ್ಟೆಗೂ ತಮಿಳುನಾಡಿನ ಸಿದ್ಧ ಉಡುಪಿನ ಊರಾದ ತಿರುಪ್ಪೂರಿನಂಥ ಕಡೆಯ ನೀರು, ದುಡಿಮೆ ಖರ್ಚಾಗುತ್ತವೆ. ಅಲ್ಲಿನ ಬಣ್ಣದ ಘಟಕಗಳ ಉಪ್ಪುನೀರು ನೊಯ್ಯಲ್ ನದಿಯನ್ನು ಕೆಡಿಸಿ, ಕೆಳಭಾಗದ ರೈತರ ಬಾವಿ, ಹೊಲಗಳನ್ನೂ ಹಾಳುಮಾಡಿತ್ತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳನ್ನು ಮುಚ್ಚಲು ಆದೇಶಿಸಿತು. ಆಮೇಲೆ ನೀರನ್ನು ಶುದ್ಧಿಮಾಡಿ ಮರುಬಳಸುವ ವ್ಯವಸ್ಥೆ ಬಂತು. ಅದಕ್ಕೂ ವಿದ್ಯುತ್ತು, ಹಣ ಬೇಕು. ಒಂದು ದಿನದ ಮೋಜಿಗೆ ಇಷ್ಟೆಲ್ಲ ತೆರುವುದು ತರವಲ್ಲ.

ಹೊಸ ಬಟ್ಟೆ ಬೇಡವೆನ್ನುತ್ತಿಲ್ಲ. ಕೊಳ್ಳುವಾಗ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿ. ಅಚ್ಚನ್ನು ಮೆಲ್ಲಗೆ ಎಳೆದು ನೋಡಿ. ರಬ್ಬರಿನಂತೆ ದಪ್ಪಗಿದ್ದರೆ ಒಗೆದಂತೆಲ್ಲ ಬಿರುಕು ಬಿಟ್ಟು ಉದುರುತ್ತದೆ. ಹಬ್ಬ ಮುಗಿದ ಮೇಲೂ ಇದನ್ನು ಉಟ್ಟು ಕೆಲಸಕ್ಕೆ ಹೋಗುವಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಹೀಗೆ ಬಾಳುವ ಬಟ್ಟೆಗೆ ಕೊಯಮತ್ತೂರು ಜಿಲ್ಲೆಯ ನೆಗಮಂನ ಕೈಮಗ್ಗದ ಹತ್ತಿ ಸೀರೆ ನೋಡಿ. ಆ ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರಿದ್ದಾರೆ. ಅಂಥ ಸೀರೆ ಹಬ್ಬಕ್ಕೂ ಸೈ, ಸಂತೆಗೂ ಸೈ. ಈ ಸಲ ಮನೆಗೆ ಒಂದೇ ಬಟ್ಟೆ ತಂದರೂ ಸರಿ, ವರ್ಷಗಟ್ಟಲೆ ಉಡುವಂಥದ್ದನ್ನೇ ತನ್ನಿ.