ಪಾತ್ರದಲ್ಲಿ ಮರೆಯಾದ ನಟ: ಅಲೆಕ್ ಗಿನ್ನೆಸ್

ತನ್ನನ್ನು ಮರೆಸಿ ಪಾತ್ರವನ್ನು ಮೆರೆಸುವವನೇ ನಿಜವಾದ ನಟ. ಈ ಮಾತಿಗೆ ಇಂಗ್ಲೆಂಡಿನ ಸರ್ ಅಲೆಕ್ ಗಿನ್ನೆಸ್ಸರ ಜೀವನವೇ ಸಾಕ್ಷಿಯೆಂದು ನಾವು ಭಾವಿಸುತ್ತೇವೆ.

1914ರ ಏಪ್ರಿಲ್ 2ರಂದು ಲಂಡನ್ನಿನಲ್ಲಿ ಜನಿಸಿದ ಇವರ ಜನನಪತ್ರದಲ್ಲಿ ತಂದೆಯ ಹೆಸರಿನ ಸ್ಥಳ ಬರಿದಾಗಿತ್ತು. ಬಾಲ್ಯ ಕಷ್ಟದಲ್ಲಿ ಕಳೆಯಿತು. ಜಾಹೀರಾತು ಬರೆಯುವ ಉದ್ಯೋಗದಿಂದ ಇವರು ರಂಗಭೂಮಿಗೆ ಬಂದರು. 1934ರಲ್ಲಿ ಜಾನ್ ಗೀಲ್ಗುಡ್ಡರು ತಮ್ಮ ‘ಹ್ಯಾಮ್ಲೆಟ್’ ಪ್ರಯೋಗದಲ್ಲಿ ಆಸ್ರಿಕನೆಂಬ ಕಿರುಪಾತ್ರವನ್ನು ಇವರಿಗೆ ಕೊಟ್ಟರು. ನಾಲ್ಕೇ ವರ್ಷಗಳಲ್ಲಿ, 1938ರಲ್ಲಿ, ಓಲ್ಡ್ ವಿಕ್ ರಂಗಮಂದಿರದಲ್ಲಿ ಇವರೇ ಹ್ಯಾಮ್ಲೆಟ್ ಆದರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದರು.

1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’ ಚಿತ್ರದಲ್ಲಿ ಒಂದೇ ಮನೆತನದ ಎಂಟು ಮಂದಿಯನ್ನು ಇವರೊಬ್ಬರೇ ಅಭಿನಯಿಸಿದರು. ಅವರಲ್ಲಿ ಒಬ್ಬಾಕೆ ಸ್ತ್ರೀ! 1957ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರದಲ್ಲಿ ಇವರದು ಶತ್ರುವಿನ ಸೆರೆಯಲ್ಲಿದ್ದ ಕರ್ನಲ್ ನಿಕಲ್ಸನ್ನನ ಪಾತ್ರ. ಸೇತುವೆ ಚೆನ್ನಾಗಿರಬೇಕೆಂಬ ಅಭಿಮಾನದಲ್ಲಿ, ಅದು ಶತ್ರುವಿಗೆ ಒದಗುವುದೆಂಬುದನ್ನೇ ಆತ ಮರೆಯುತ್ತಾನೆ. ವಿವೇಕವಿಲ್ಲದ ಕರ್ತವ್ಯನಿಷ್ಠೆಯೂ ಕುರುಡೆಂಬುದನ್ನು ಮನಗಾಣಿಸಿದ ಈ ಅಭಿನಯಕ್ಕೆ ಆಸ್ಕರ್ ಪ್ರಶಸ್ತಿ ಲಭಿಸಿತು. 1959ರಲ್ಲಿ ‘ಸರ್’ ಪದವಿಯೂ ಸಂದಿತು.

1984ರ ‘ಎ ಪ್ಯಾಸೇಜ್ ಟು ಇಂಡಿಯ’ ಚಿತ್ರದಲ್ಲಿ ಇವರು ಗೋಡ್ಬೋಲೆಯಾದರು. ಆ ಚಿತ್ರದ ಗುಹೆಗಳ ದೃಶ್ಯಗಳಿಗೆ ಬೆಂಗಳೂರಿನ ಸಮೀಪದ ಸಾವನದುರ್ಗದ ಬಂಡೆಗಳು ಹಿನ್ನೆಲೆಯಾದವು. ಭಾರತೀಯನ ಪಾತ್ರವನ್ನು ಆಂಗ್ಲನೊಬ್ಬನು ವಹಿಸಬಹುದೇ ಎಂಬ ಆಕ್ಷೇಪವೂ ನ್ಯಾಯವಾದುದೇ. 2000ದ ಆಗಸ್ಟ್ 5ರಂದು ಗಿನ್ನೆಸ್ಸರು ನಿಧನರಾದರು.

ವಿದ್ಯಾರ್ಥಿಗಳೇ, ಶಾಲೆಯ ನಾಟಕದಲ್ಲಿ ನಿಮಗೆ ಎರಡೇ ಮಾತಿನ ಪಾತ್ರ ಬಂದರೆ ಮುಖ ಬಾಡಿಸಬೇಡಿರಿ. ಆಸ್ರಿಕನನ್ನು ನೆನೆದು, ಆ ಎರಡು ಮಾತುಗಳನ್ನು ಮನಸ್ಸಿಟ್ಟು ಆಡಿರಿ.